ಊತ ಇಳಿದಿದೆ, ರಿಪೋರ್ಟ್ ನಾರ್ಮಲ್ ಬಂದಿದೆ. ನೋವು ಮಾತ್ರ ಯಾಕೆ ಹೋಗಿಲ್ಲ?

ಪ್ರಶ್ನೆ: ಡಾಕ್ಟರೇ, ನನಗೆ 46 ವರ್ಷ. ಆರು ವರ್ಷದಿಂದ ರುಮಟಾಯ್ಡ್ ಸಂಧಿವಾತ ಇದೆ. ವಾರಕ್ಕೊಮ್ಮೆ ಉರಿಯೂತ ತಗ್ಗಿಸುವ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತೇನೆ. ಈಗ ಒಂದು ವರ್ಷದಿಂದ ಬೆರಳು, ಮಣಿಕಟ್ಟಿನ ಊತ ಪೂರ್ತಿ ಇಳಿದಿದೆ. ರಕ್ತಪರೀಕ್ಷೆಯಲ್ಲಿ ಇಎಸ್‌ಆರ್, ಸಿಆರ್‌ಪಿ ಎರಡೂ ನಾರ್ಮಲ್. ಆದರೂ ನೋವು ಬಿಟ್ಟಿಲ್ಲ. ಮೊದಲು ಮಣಿಕಟ್ಟಿನಲ್ಲಷ್ಟೇ ಇತ್ತು, ಈಗ ಮೊಣಕೈವರೆಗೂ ಹತ್ತಿದೆ. ರಾತ್ರಿ ಹೊದಿಕೆ ತಾಗಿದರೂ ಉರಿಯುತ್ತದೆ. ವಾಚ್ ಕಟ್ಟುವುದನ್ನೇ ಬಿಟ್ಟಿದ್ದೇನೆ. ಮನೆಯವರು "ರಿಪೋರ್ಟ್ ಎಲ್ಲಾ ಸರಿ ಇದೆ, ನೀನು ಸುಮ್ನೆ ಅದನ್ನೇ ಯೋಚನೆ ಮಾಡ್ತಾ ಕೂರ್ತೀಯ" ಅನ್ನುತ್ತಾರೆ. ಉರಿಯೂತವು ಬೆನ್ನುಹುರಿಯಲ್ಲಿರುವ ನೋವಿನ ರಿಸೆಪ್ಟರ್‌ಗಳನ್ನೇ ಬದಲಾಯಿಸುತ್ತದೆ ಎಂದು ಓದಿದೆ. ಹಾಗಾದರೆ ಕಾಯಿಲೆ ಬೆನ್ನುಹುರಿಗೂ ಹರಡಿದೆಯಾ? ಎಂಆರ್‌ಐ ಮಾಡಿಸಬೇಕಾ? ಇದು ಶಾಶ್ವತವಾ? ದಿನಕ್ಕೆ ಎರಡು ಡೈಕ್ಲೋಫೆನಾಕ್ ನೋವುಮಾತ್ರೆ ನುಂಗುತ್ತೇನೆ, ಅದೂ ಈಗ ಅಷ್ಟಾಗಿ ಕೆಲಸ ಮಾಡುತ್ತಿಲ್ಲ. ನರದ ನೋವಿಗೆ ಕೊಡುವ ಪ್ರಿಗ್ಯಾಬಲಿನ್ ಒಳ್ಳೆಯದು ಎನ್ನುತ್ತಾರೆ. ಮೆಗ್ನೀಸಿಯಂ ಮಾತ್ರೆ ಸಾಕು ಅನ್ನುವವರೂ ಇದ್ದಾರೆ. ಇನ್ನೊಂದು ಮಾತು: ಈಗಿನ ನೋವಿಗೆ ಉರಿಯೂತ ಕಾರಣ ಅಲ್ಲ ಅಂತಾದರೆ ಮೆಥೊಟ್ರೆಕ್ಸೇಟ್ ನಿಲ್ಲಿಸಬಹುದಾ?

ಉತ್ತರ: ನಿಮ್ಮನ್ನು ಎರಡು ಭಯ ಕಾಡುತ್ತಿವೆ. ಕಾಯಿಲೆ ಬೆನ್ನುಹುರಿಗೆ ಇಳಿದಿದೆಯೇನೋ ಎನ್ನುವುದು ಒಂದು. ಮನೆಯವರು ಹೇಳುವುದೇ ನಿಜವಿರಬಹುದೇನೋ ಎನ್ನುವುದು ಇನ್ನೊಂದು. ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ನಿಮ್ಮ ನೋವು ನಿಜವಾದದ್ದು. ನೀವು ಹೇಳಿದ ಮೂರು ವಿಷಯಗಳನ್ನೇ ನೋಡಿ: ಊತ ಇಳಿದರೂ ನೋವು ಉಳಿದಿದೆ, ಜಾಗ ಅಗಲವಾಗಿದೆ, ನೋಯಬಾರದ ಸ್ಪರ್ಶ ನೋಯುತ್ತಿದೆ. ನೋವಿನ ಚಿಕಿತ್ಸೆ ಮಾಡುವವರು ಈ ಮೂರನ್ನೂ ದಿನಾ ಕೇಳುತ್ತೇವೆ. ಇದಕ್ಕೆ ದೇಹದಲ್ಲೇ ಕಾರಣ ಇದೆ. ಅದು ರಕ್ತಪರೀಕ್ಷೆಯಲ್ಲಿ ಕಾಣುವುದಿಲ್ಲ, ಅಷ್ಟೇ. ಇಎಸ್‌ಆರ್ ಮತ್ತು ಸಿಆರ್‌ಪಿ ಅಳೆಯುವುದು ಉರಿಯೂತವನ್ನು. ನೋವನ್ನು ಅಳೆಯುವ ರಕ್ತಪರೀಕ್ಷೆ ಇನ್ನೂ ಬಂದಿಲ್ಲ.

ಈಗ ಮೊದಲ ಭಯ. ರಿಸೆಪ್ಟರ್ ಎಂದರೆ ನರಕೋಶದ ಮೇಲ್ಮೈಯಲ್ಲಿ ಕೂತು ಸುದ್ದಿ ಹಿಡಿಯುವ ಪ್ರೋಟೀನ್. "ರಿಸೆಪ್ಟರ್ ಬದಲಾಗುತ್ತದೆ" ಎಂದರೆ ಬೆನ್ನುಹುರಿ ಬಾತುಕೊಂಡಿದೆ, ಅಲ್ಲಿ ಸೋಂಕಾಗಿದೆ, ಕೊಳೆಯುತ್ತಿದೆ ಎಂದಲ್ಲ. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ದಾಟಿಸುವ ಜಾಗದಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಮಟ್ಟದಲ್ಲಿ ಆಗುವ ಬದಲಾವಣೆ ಅದು. ಎಂಆರ್‌ಐ ಅದನ್ನು ತೋರಿಸಲಾರದು. ಬೇರೆ ಕಾರಣಕ್ಕೆ ಎಂಆರ್‌ಐ ಬೇಕಾಗಬಹುದು, ಅದನ್ನು ಮುಂದೆ ಹೇಳುತ್ತೇನೆ.

ಮಣಿಕಟ್ಟಿನ ಕೀಲಿನಿಂದ ಹೊರಟ ನರದ ಎಳೆ ತೋಳಿನುದ್ದಕ್ಕೂ ಸಾಗಿ ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿಯ ಹಿಂಭಾಗವನ್ನು ಸೇರುತ್ತದೆ. ನೋವಿನ ಸುದ್ದಿಯ ಮೊದಲ ಕೈಬದಲಾವಣೆ ಆಗುವುದು ಅಲ್ಲೇ. ಕೀಲಿನಲ್ಲಿ ಉರಿಯೂತ ಇದ್ದಾಗ ಪ್ರೊಸ್ಟಗ್ಲಾಂಡಿನ್, ಬ್ರಾಡಿಕೈನಿನ್‌ನಂಥ ವಸ್ತುಗಳು ನರದ ತುದಿಯನ್ನು ಕೆರಳಿಸುತ್ತವೆ. ನರದ ತುದಿಯಲ್ಲಿ ಟಿಆರ್‌ಪಿವಿ1 ಎಂಬ ರಿಸೆಪ್ಟರ್ ಇದೆ. ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ ಇದನ್ನು 1997ರಲ್ಲಿ ಗುರುತಿಸಿತು. ಅವರಿಗೆ 2021ರ ನೊಬೆಲ್ ಸಿಕ್ಕ ಕೆಲಸದಲ್ಲಿ ಇದೇ ಮುಖ್ಯ. ಸಾಮಾನ್ಯವಾಗಿ ಅದು ಸುಮಾರು 43 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಎಚ್ಚರಗೊಳ್ಳುತ್ತದೆ. ಉರಿಯೂತ ಇದ್ದಾಗ ದೇಹದ ಸಾಮಾನ್ಯ ಬಿಸಿಗೇ ಎಚ್ಚರಗೊಳ್ಳಬಹುದು. ಹಾಗಾಗಿ ಸುಮ್ಮನೆ ಕೂತಿದ್ದರೂ ಕೀಲು ಉರಿಯುತ್ತದೆ. ಇದು ಕೀಲಿನ ಕಥೆ. ಊತ ಇಳಿದರೆ ಈ ಭಾಗ ಹೆಚ್ಚುಕಡಿಮೆ ತಣ್ಣಗಾಗುತ್ತದೆ.

ತಣ್ಣಗಾಗದೆ ಉಳಿಯುವುದು ಬೆನ್ನುಹುರಿಯ ಕಥೆ. 1983ರಲ್ಲಿ ನೋವಿನ ಸಂಶೋಧಕ ಕ್ಲಿಫರ್ಡ್ ವೂಲ್ಫ್ ಇಲಿಗಳ ಮೇಲೆ ಮಾಡಿದ ಒಂದು ಪ್ರಯೋಗ ನಮ್ಮ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ಪಾದಕ್ಕೆ ಗಾಯವಾದ ಮೇಲೆ ಇಲಿ ಕಾಲು ಎಳೆದುಕೊಳ್ಳುವ ಪ್ರತಿಕ್ರಿಯೆ ತುಂಬಾ ಜಾಸ್ತಿಯಾಯಿತು. ಆಮೇಲೆ ಗಾಯವಾದ ಜಾಗವನ್ನು ಮರಗಟ್ಟಿಸಿ, ಅಲ್ಲಿಂದ ಬರುವ ಸುದ್ದಿಯನ್ನು ನಿಲ್ಲಿಸಿದರು. ಆದರೂ ಆ ಅತಿ ಪ್ರತಿಕ್ರಿಯೆ ಹೋಗಲಿಲ್ಲ. ಅಂದರೆ ಬದಲಾವಣೆ ಬೆನ್ನುಹುರಿಯೊಳಗೇ ಆಗಿತ್ತು. ನಿಮ್ಮ ಪ್ರಶ್ನೆಯ ತಿರುಳೂ ಅದೇ ಅಲ್ವಾ? ಮೂಲ ಕಾರಣ ಶಾಂತವಾಗಿದೆ, ಪರಿಣಾಮ ನಿಂತಿಲ್ಲ.

ಅಲ್ಲಿ ಬದಲಾಗುವುದು ಏನು? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚಿಕಿತ್ಸೆಯ ಆಯ್ಕೆಗಳೆಲ್ಲ ಇಲ್ಲಿಂದಲೇ ಹುಟ್ಟುತ್ತವೆ.

ನೋವಿನ ನರ ಬೆನ್ನುಹುರಿಯಲ್ಲಿ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಬಿಡುತ್ತದೆ. ಮುಂದಿನ ಕೋಶದಲ್ಲಿ ಅದನ್ನು ಹಿಡಿಯುವ ರಿಸೆಪ್ಟರ್‌ಗಳಲ್ಲಿ ಎರಡು ಮುಖ್ಯ: ಆಂಪಾ ಮತ್ತು ಎನ್‌ಎಂಡಿಎ. ಮಾಮೂಲಿ ನೋವು ಆಂಪಾ ಮೂಲಕ ದಾಟಿಹೋಗುತ್ತದೆ. ಎನ್‌ಎಂಡಿಎ ಸುಮ್ಮನಿರುತ್ತದೆ, ಯಾಕೆಂದರೆ ಅದರ ನಾಳದಲ್ಲಿ ಮೆಗ್ನೀಸಿಯಂ ಅಯಾನು ಬಿರಡೆಯಂತೆ ಕೂತಿರುತ್ತದೆ. ಸುದ್ದಿ ಒಂದೇ ಸಮ ಬರುತ್ತಾ ಇದ್ದರೆ, ವಾರಗಟ್ಟಲೆ ತಿಂಗಳುಗಟ್ಟಲೆ ಕೀಲು ಊದಿಕೊಂಡಿದ್ದಾಗ ಆಗುವಂತೆ, ಆ ಕೋಶದ ವಿದ್ಯುತ್ ಮಟ್ಟ ಏರಿ ಬಿರಡೆ ಹಾರಿಹೋಗುತ್ತದೆ. ಆಗ ಕೋಶದೊಳಕ್ಕೆ ಕ್ಯಾಲ್ಸಿಯಂ ನುಗ್ಗುತ್ತದೆ. ಒಳಗಿನ ಕೈನೇಸ್ ಎಂಬ ಕಿಣ್ವಗಳು ಚುರುಕಾಗಿ ಎನ್‌ಎಂಡಿಎ ರಿಸೆಪ್ಟರ್‌ಗೇ ಫಾಸ್ಫೇಟ್ ಅಂಟಿಸುತ್ತವೆ. ಹಾಗೆ ಅಂಟಿದ ಮೇಲೆ ಅದು ಇನ್ನೂ ಸಲೀಸಾಗಿ ತೆರೆದುಕೊಳ್ಳುತ್ತದೆ. ಆಂಪಾ ಕೂಡ ಬದಲಾಗುತ್ತದೆ. ಉರಿಯೂತ ಉಂಟುಮಾಡಿದ ಪ್ರಾಣಿಗಳ ಬೆನ್ನುಹುರಿಯಲ್ಲಿ, ಕ್ಯಾಲ್ಸಿಯಂ ಒಳಗೆ ಬಿಡದ ಬಗೆಯ ಆಂಪಾ ಕೋಶದ ಮೇಲ್ಮೈಯಿಂದ ಒಳಗೆ ಸರಿಯುತ್ತದೆ, ಕ್ಯಾಲ್ಸಿಯಂ ಬಿಡುವ ಬಗೆಯದು ಮೇಲೆ ಬರುತ್ತದೆ. ಇಷ್ಟಾದ ಮೇಲೆ ಸಣ್ಣ ಸುದ್ದಿಗೂ ಕೋಶ ದೊಡ್ಡ ಉತ್ತರ ಕೊಡುತ್ತದೆ. ಪಕ್ಕದ ಜಾಗಗಳಿಂದ ಬರುವ, ಮೊದಲು ಲೆಕ್ಕಕ್ಕೇ ಬಾರದಿದ್ದ ಸಣ್ಣ ಸಂಕೇತಗಳೂ ಈಗ ಅದನ್ನು ಎಬ್ಬಿಸುತ್ತವೆ. ಮಣಿಕಟ್ಟಿನ ನೋವು ಮೊಣಕೈವರೆಗೆ ಹರಡಿದಂತೆ ಅನಿಸುವುದು ಹೀಗೆ. ಮೊಣಕೈಯಲ್ಲಿ ಹೊಸದಾಗಿ ಏನೂ ಹಾಳಾಗಿರಬೇಕಿಲ್ಲ.

ಹೊದಿಕೆ ತಾಗಿದರೆ ಉರಿಯುವುದಕ್ಕೆ ಇನ್ನೊಂದು ತುಂಡು ಬೇಕು. ಬೆನ್ನುಹುರಿಯಲ್ಲಿ ನೋವಿನ ಸುದ್ದಿಯನ್ನು ತಡೆಯುವ ಸಣ್ಣ ನರಕೋಶಗಳೂ ಇವೆ. ಅವು ಗ್ಲೈಸಿನ್, ಗಾಬಾ ಎಂಬ ರಾಸಾಯನಿಕ ಬಿಟ್ಟು ಮುಂದಿನ ಕೋಶವನ್ನು ಶಾಂತವಾಗಿಡುತ್ತವೆ. ಸ್ಪರ್ಶದ ಸುದ್ದಿ ನೋವಿನ ದಾರಿಗೆ ಸೇರದಂತೆ ತಡೆಯುವುದರಲ್ಲಿ ಇವುಗಳ ಪಾತ್ರ ದೊಡ್ಡದು. ಕೀಲಿನಲ್ಲಿ ಉರಿಯೂತ ಇದ್ದಾಗ ಬೆನ್ನುಹುರಿಯಲ್ಲೂ ಕಾಕ್ಸ್-2 ಎಂಬ ಕಿಣ್ವ ಹೆಚ್ಚಾಗಿ, ಅಲ್ಲೇ ಪ್ರೊಸ್ಟಗ್ಲಾಂಡಿನ್ ತಯಾರಾಗುತ್ತದೆ ಎಂದು 2001ರಲ್ಲಿ ಗೊತ್ತಾಯಿತು. ಆ ಪ್ರೊಸ್ಟಗ್ಲಾಂಡಿನ್ ಗ್ಲೈಸಿನ್ ರಿಸೆಪ್ಟರ್‌ನ ಆಲ್ಫಾ-3 ಎಂಬ ಬಗೆಯನ್ನು ಮಂಕಾಗಿಸುತ್ತದೆ ಎಂಬುದು 2004ರಲ್ಲಿ ಇಲಿಗಳಲ್ಲಿ ಕಂಡಿತು. ಆ ರಿಸೆಪ್ಟರ್ ಇಲ್ಲದ ಇಲಿಗಳಲ್ಲಿ ಪ್ರೊಸ್ಟಗ್ಲಾಂಡಿನ್ ಮಂಕಾಗಿಸಲು ಏನೂ ಇರಲಿಲ್ಲ, ಹಾಗಾಗಿ ಉರಿಯೂತದ ನೋವು ಕಡಿಮೆ ಇತ್ತು. ನನಗೆ ಈ ಇಡೀ ವಿಷಯದಲ್ಲಿ ಅತಿ ಮುಖ್ಯ ಅನಿಸುವುದು ಇದು. ನೋವಿನ ದಾರಿ ಜೋರಾಗಿರುವುದು ಅರ್ಧ ಕಾರಣ. ತಡೆಯುವವರು ಸಡಿಲವಾಗಿರುವುದು ಇನ್ನರ್ಧ. ಹಾಗಾಗಿ ಹೊದಿಕೆ, ವಾಚ್ ಪಟ್ಟಿ, ಅಂಗಿಯ ತೋಳು ಇವೆಲ್ಲ ನೋವಾಗಿ ಮಿದುಳನ್ನು ತಲುಪುತ್ತವೆ.

ಬೆನ್ನುಹುರಿಯ ರಕ್ಷಣಾ ಕೋಶಗಳಾದ ಮೈಕ್ರೋಗ್ಲಿಯಾ ಬಗ್ಗೆಯೂ ನೀವು ಓದಿರಬಹುದು. ಅವು ಟಿಎನ್‌ಎಫ್, ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಉರಿಯೂತದ ರಾಸಾಯನಿಕಗಳನ್ನು ಬಿಟ್ಟು ಮೇಲೆ ಹೇಳಿದ ಎರಡೂ ಕೆಲಸಕ್ಕೆ ಕುಮ್ಮಕ್ಕು ಕೊಡುತ್ತವೆ. ಆದರೆ ಇಲ್ಲಿ ಎಚ್ಚರ ಬೇಕು. ಈ ಪ್ರಯೋಗಗಳಲ್ಲಿ ಹೆಚ್ಚಿನವು ಗಂಡು ಇಲಿಗಳ ಮೇಲೆ ಆದವು. ಹೆಣ್ಣು ಇಲಿಗಳಲ್ಲಿ ಬೇರೆ ರೋಗನಿರೋಧಕ ಕೋಶಗಳು ಆ ಕೆಲಸ ಮಾಡುತ್ತವೆ ಎಂದು 2015ರ ಅಧ್ಯಯನವೊಂದು ತೋರಿಸಿತು. ರುಮಟಾಯ್ಡ್ ಸಂಧಿವಾತ ಹೆಂಗಸರಲ್ಲೇ ಜಾಸ್ತಿ. ಹಾಗಿರುವಾಗ ಗಂಡು ಇಲಿಯ ಫಲಿತಾಂಶವನ್ನು ನೇರವಾಗಿ ನಿಮಗೆ ಹೊಂದಿಸಿ ಮಾತಾಡುವುದು ನನಗೆ ಸರಿ ಕಾಣುವುದಿಲ್ಲ.

ನಿಮ್ಮ ಸ್ಥಿತಿಗೆ ತೀರಾ ಹತ್ತಿರದ ಪ್ರಯೋಗ ಒಂದಿದೆ. ಸಂಧಿವಾತ ಬರಿಸಿದ ಇಲಿಗಳಲ್ಲಿ ಕೆಲವು ವಾರಕ್ಕೆ ಊತ ತಾನಾಗಿ ಇಳಿಯಿತು. ಪಾದ ಮುಟ್ಟಿದರೆ ಆಗುವ ನೋವು ಮಾತ್ರ ಉಳಿಯಿತು. ಊತ ಇದ್ದಾಗ ಡೈಕ್ಲೋಫೆನಾಕ್ ಜಾತಿಯ ನೋವುಮಾತ್ರೆ ಕೆಲಸ ಮಾಡಿತ್ತು. ಊತ ಇಳಿದ ಮೇಲಿನ ನೋವಿಗೆ ಅದೇ ಮಾತ್ರೆ ನಾಟಲಿಲ್ಲ, ಪ್ರಿಗ್ಯಾಬಲಿನ್ ಜಾತಿಯ ಗ್ಯಾಬಪೆಂಟಿನ್ ನಾಟಿತು. ಇಲಿ ಮನುಷ್ಯ ಅಲ್ಲ, ನಿಜ. ಆದರೂ "ಡೈಕ್ಲೋಫೆನಾಕ್ ಈಗ ಕೆಲಸ ಮಾಡುತ್ತಿಲ್ಲ" ಎಂಬ ನಿಮ್ಮ ಮಾತಿಗೆ ಇದು ಚೆನ್ನಾಗಿ ಹೊಂದುತ್ತದೆ. ಮಾತ್ರೆ ದುರ್ಬಲವಾಗಿಲ್ಲ. ಈಗ ನೋವನ್ನು ನಡೆಸುತ್ತಿರುವುದು ಅದರ ಕೈಗೆ ಸಿಗದ ಬದಲಾವಣೆ ಇರಬಹುದು.

ಹಾಗಂತ ಪತ್ರ ಓದಿ "ನಿಮ್ಮದು ಇದೇ" ಎಂದು ಮುದ್ರೆ ಒತ್ತಲು ನಾನು ಸಿದ್ಧನಿಲ್ಲ. ಕೈ ಮುಟ್ಟಿ ನೋಡಬೇಕು. ಇಂಥವರು ಬಂದಾಗ ನಾವು ಮಾಡುವುದು ಸರಳ. ಹತ್ತಿಯ ಎಳೆಯನ್ನು ಮೊದಲು ಮೊಣಕೈ ಮೇಲೆ, ಆಮೇಲೆ ಮಣಿಕಟ್ಟಿನ ಕಡೆಗೆ ಮೆಲ್ಲಗೆ ಎಳೆಯುತ್ತೇವೆ. ಎಲ್ಲಿ "ಮೆತ್ತಗಿದೆ" ಅನ್ನುವುದು ನಿಂತು "ಉರಿ" ಅನ್ನುವುದು ಶುರುವಾಗುತ್ತದೆ ಎಂದು ಚರ್ಮದ ಮೇಲೆ ಪೆನ್ನಿನಿಂದ ಗುರುತು ಮಾಡುತ್ತೇವೆ. ಆಮೇಲೆ ಹೆಬ್ಬೆರಳಿನಿಂದ ಒತ್ತುತ್ತೇವೆ. ನಮ್ಮ ಉಗುರಿನ ತುದಿ ಬೆಳ್ಳಗಾದರೆ ಸುಮಾರು 4 ಕಿಲೋ ಒತ್ತಡ ಎಂದು ಲೆಕ್ಕ. ಕಾಯಿಲೆ ಮುಟ್ಟದ ಜಾಗದಲ್ಲಿ, ಅಂದರೆ ಹೆಗಲ ಮೇಲೆ, ಮೊಣಕಾಲ ಕೆಳಗೆ ಒತ್ತಿದಾಗ ಅದಕ್ಕಿಂತ ಎಷ್ಟೋ ಮೊದಲೇ ಅವರು ಮುಖ ಕಿವುಚಿದರೆ, ಬೆನ್ನುಹುರಿ ಮತ್ತು ಮಿದುಳಿನ ಮಟ್ಟದಲ್ಲಿ ಸೂಕ್ಷ್ಮತೆ ಏರಿದೆ ಎಂಬ ಅನುಮಾನ ಗಟ್ಟಿಯಾಗುತ್ತದೆ.

ಬೇರೆ ಕಾರಣಗಳನ್ನೂ ತಳ್ಳಿಹಾಕಬೇಕು. ಸಿಆರ್‌ಪಿ ನಾರ್ಮಲ್ ಇದ್ದರೂ ಕೀಲಿನ ಒಳಪದರದಲ್ಲಿ ಸ್ವಲ್ಪ ಉರಿಯೂತ ಉಳಿದಿರಬಹುದು. ಕೀಲಿನ ಅಲ್ಟ್ರಾಸೌಂಡ್‌ನಲ್ಲಿ ಅದು ಕಾಣುತ್ತದೆ. ಬೆಳಿಗ್ಗೆ ಎದ್ದಾಗ ಕೈ ಬಿಗಿತ ಒಂದು ಗಂಟೆಗಿಂತ ಹೆಚ್ಚು ಇರುತ್ತದೆಯೇ ಎಂದು ಗಮನಿಸಿ. ಮಣಿಕಟ್ಟಿನಲ್ಲಿ ನರ ಒತ್ತಿಕೊಳ್ಳುವ ಕಾರ್ಪಲ್ ಟನಲ್ ತೊಂದರೆ ನಿಮ್ಮ ಕಾಯಿಲೆ ಇರುವವರಲ್ಲಿ ಸಾಮಾನ್ಯ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತದೆಯಾ? ಕೈ ಒದರಿದರೆ ಸರಿಹೋಗುತ್ತದೆಯಾ? ಹಾಗಿದ್ದರೆ ಅದರ ಚಿಕಿತ್ಸೆಯೇ ಬೇರೆ. ಥೈರಾಯ್ಡ್ ಪರೀಕ್ಷೆಯೂ ಒಮ್ಮೆ ಆಗಲಿ.

ಎಂಆರ್‌ಐ ವಿಷಯಕ್ಕೆ ಬರುತ್ತೇನೆ. ರುಮಟಾಯ್ಡ್ ಸಂಧಿವಾತ ಕುತ್ತಿಗೆಯ ಮೇಲ್ಭಾಗದ ಮೊದಲೆರಡು ಮೂಳೆಗಳ ಕೀಲನ್ನು ಸಡಿಲಿಸಿ, ಬೆನ್ನುಹುರಿಯ ಮೇಲೆ ಒತ್ತಡ ತರಬಹುದು. ಇದು ರಿಸೆಪ್ಟರ್ ಮಾತಲ್ಲ, ನೇರ ಒತ್ತಡ. ತಲೆಯ ಹಿಂಭಾಗಕ್ಕೆ ಹತ್ತುವ ಕುತ್ತಿಗೆ ನೋವು, ಎರಡೂ ಕೈಗಳಲ್ಲಿ ಜೋಮು, ಗುಂಡಿ ಹಾಕಲು ತಡವರಿಸುವುದು, ನಡಿಗೆ ತೂರಾಡುವುದು, ಮೂತ್ರದ ಹಿಡಿತ ತಪ್ಪುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಕಾಯಬೇಡಿ. ಆಗ ಕುತ್ತಿಗೆಯ ಎಕ್ಸ್‌ರೇ, ಎಂಆರ್‌ಐ ತಕ್ಷಣ ಬೇಕು. ಇವ್ಯಾವುದೂ ಇಲ್ಲದಿದ್ದರೆ, ಬರೀ ಈ ನೋವಿಗಾಗಿ ಎಂಆರ್‌ಐ ಮಾಡಿಸಿದರೆ ವಯಸ್ಸಿಗೆ ಸಹಜವಾದ ಡಿಸ್ಕ್ ಸವೆತ ಕಂಡು ಹೊಸ ಚಿಂತೆ ಹತ್ತುತ್ತದೆ ಅಷ್ಟೇ.

ಶಾಶ್ವತವಾ ಎಂದು ಕೇಳಿದ್ದೀರಿ. ಶಾಶ್ವತವಾಗಿಯೇ ಇರಬೇಕೆಂದಿಲ್ಲ. ರಿಸೆಪ್ಟರ್‌ಗೆ ಅಂಟಿದ ಫಾಸ್ಫೇಟ್ ಕಳಚುತ್ತದೆ, ರಿಸೆಪ್ಟರ್‌ಗಳೂ ಹಳತು ಹೋಗಿ ಹೊಸತು ಬರುತ್ತವೆ. ಮನುಷ್ಯರಲ್ಲಿ ಇದಕ್ಕೆ ಒಳ್ಳೆಯ ಸಾಕ್ಷಿ ಇದೆ. ಮೊಣಕಾಲು ಅಥವಾ ಸೊಂಟದ ಕೀಲು ಸವೆದು ವರ್ಷಗಟ್ಟಲೆ ನೋವುಂಡವರಲ್ಲಿ ದೂರದ ಜಾಗಗಳೂ ಒತ್ತಿದರೆ ಬೇಗ ನೋಯುತ್ತವೆ. ಕೀಲು ಬದಲಿಸಿ ನೋವು ಹೋದವರಲ್ಲಿ ಆ ದೂರದ ಸೂಕ್ಷ್ಮತೆಯೂ ಸಹಜ ಮಟ್ಟಕ್ಕೆ ಮರಳಿದ್ದು ದಾಖಲಾಗಿದೆ. ಆದರೆ ಶಸ್ತ್ರಚಿಕಿತ್ಸೆ ಚೆನ್ನಾಗಿ ಆದರೂ ಮೊಣಕಾಲು ಬದಲಿಸಿಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ನೋವು ಉಳಿಯುತ್ತದೆ ಎಂಬುದನ್ನೂ ಮುಚ್ಚಿಡಬಾರದು. ನಿಧಾನವಾಗಿ ಇಳಿಯುವ ಸ್ಥಿತಿ ಇದು. ದಿನಗಳಲ್ಲಿ ಅಲ್ಲ, ತಿಂಗಳುಗಳಲ್ಲಿ ಲೆಕ್ಕ ಹಾಕಿ.

ಈಗ ಔಷಧಿ. ಡೈಕ್ಲೋಫೆನಾಕ್ ಬಗ್ಗೆ ನನಗೆ ನಿಜಕ್ಕೂ ಆತಂಕ ಇದೆ. ಅದು ಬೆನ್ನುಹುರಿಯ ಕಾಕ್ಸ್-2 ಅನ್ನೂ ತಡೆಯುತ್ತದೆ, ಹಾಗಾಗಿ ಉರಿಯೂತ ಇರುವಾಗ ಎರಡು ಕಡೆ ಉಪಯೋಗ. ಆದರೆ ಉಪಯೋಗ ಇಲ್ಲದಾಗಲೂ ಅಪಾಯ ಹಾಗೇ ಇರುತ್ತದೆ: ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ, ಬಿಪಿ ಏರುವುದು, ಹೃದಯಾಘಾತದ ಸಾಧ್ಯತೆ, ಮೂತ್ರಪಿಂಡದ ಮೇಲೆ ಹೊರೆ. ಮೆಥೊಟ್ರೆಕ್ಸೇಟ್ ದೇಹದಿಂದ ಹೊರಹೋಗುವುದು ಮೂತ್ರಪಿಂಡದ ಮೂಲಕ. ಮೂತ್ರಪಿಂಡ ಸೋತರೆ ಅದು ದೇಹದಲ್ಲೇ ಉಳಿದು ವಿಷವಾಗುತ್ತದೆ. ನಾಟದ ಮಾತ್ರೆಯ ಡೋಸ್ ಏರಿಸುವುದಂತೂ ಬೇಡ. ವೈದ್ಯರೊಂದಿಗೆ ಮಾತಾಡಿ ಇಳಿಸುತ್ತಾ ಬನ್ನಿ, ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ.

ಪ್ರಿಗ್ಯಾಬಲಿನ್ ಮತ್ತು ಗ್ಯಾಬಪೆಂಟಿನ್ ನೋವಿನ ನರದ ಕ್ಯಾಲ್ಸಿಯಂ ನಾಳದ ಒಂದು ಭಾಗಕ್ಕೆ ಅಂಟಿ, ಗ್ಲುಟಮೇಟ್ ಬಿಡುಗಡೆಯನ್ನು ತಗ್ಗಿಸುತ್ತವೆ. ತರ್ಕ ಚೆನ್ನಾಗಿದೆ. ಮೈಯೆಲ್ಲಾ ನೋಯುವ ಫೈಬ್ರೊಮಯಾಲ್ಜಿಯಾ ಎಂಬ ಕಾಯಿಲೆಯಲ್ಲಿ ಪ್ರಿಗ್ಯಾಬಲಿನ್‌ಗೆ ಒಳ್ಳೆಯ ಆಧಾರ ಇದೆ, ಸಂಧಿವಾತದಲ್ಲಿ ಉಳಿದ ನೋವಿಗೆ ಆಧಾರ ತೆಳು. ತಲೆಸುತ್ತು, ಮಂಪರು, ತೂಕ ಏರುವುದು, ಕಾಲೂತ ಇದರ ಸಾಮಾನ್ಯ ತೊಂದರೆಗಳು. ಮೂತ್ರಪಿಂಡ ದುರ್ಬಲವಾಗಿದ್ದರೆ ಡೋಸ್ ಇಳಿಸಲೇಬೇಕು. ಟ್ರಮಡಾಲ್‌ನಂಥ ಅಫೀಮು ಬಗೆಯ ನೋವುಮಾತ್ರೆಯ ಜೊತೆ ಸೇರಿದರೆ ಉಸಿರಾಟ ನಿಧಾನವಾಗಬಹುದು. ಥಟ್ಟನೆ ನಿಲ್ಲಿಸುವಂತಿಲ್ಲ. ಪಕ್ಕದವರಿಗೆ ಹಿಡಿಸಿತು ಎಂದು ಶುರು ಮಾಡುವ ಮಾತ್ರೆ ಇದಲ್ಲ.

ನಿಮ್ಮಂಥವರಲ್ಲಿ ನಾನು ಹೆಚ್ಚಾಗಿ ಮೊದಲು ಯೋಚಿಸುವುದು ಡ್ಯುಲೊಕ್ಸೆಟಿನ್. ಮಿದುಳಿನಿಂದ ಬೆನ್ನುಹುರಿಗೆ ಇಳಿದು ಬಂದು ನೋವನ್ನು ತಡೆಯುವ ನರಗಳಿವೆ. ಅವು ಬಳಸುವ ನಾರ್‌ಅಡ್ರಿನಲಿನ್, ಸಿರೊಟೋನಿನ್ ಎರಡನ್ನೂ ಇದು ಹೆಚ್ಚಿಸುತ್ತದೆ. ಸಡಿಲವಾದ ತಡೆಗೆ ಇನ್ನೊಂದು ಕಡೆಯಿಂದ ಬಲ ಸಿಗುತ್ತದೆ. ಚೀಟಿಯಲ್ಲಿ "ಖಿನ್ನತೆಯ ಔಷಧಿ" ಎಂದು ನೋಡಿ ಹೆದರಬೇಡಿ. ನೋವಿಗೇ ಎಂದು ಬೇರೆಯಾಗಿ ಪರೀಕ್ಷೆಯಾಗಿ ಒಪ್ಪಿಗೆ ಪಡೆದದ್ದು ಇದು. ಮೊದಲ ವಾರ ವಾಕರಿಕೆ ಬರಬಹುದು, ಬಿಪಿ ಸ್ವಲ್ಪ ಏರಬಹುದು. ಮೆಥೊಟ್ರೆಕ್ಸೇಟ್ ಯಕೃತ್ತಿನ ಮೇಲೆ ಪರಿಣಾಮ ಬೀರುವುದರಿಂದ, ಇದನ್ನು ಸೇರಿಸುವ ಮೊದಲು ಮತ್ತು ನಂತರ ಯಕೃತ್ತಿನ ಪರೀಕ್ಷೆ ಕಡ್ಡಾಯ. ಡೈಕ್ಲೋಫೆನಾಕ್ ಜೊತೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ, ಟ್ರಮಡಾಲ್ ಜೊತೆ ಸಿರೊಟೋನಿನ್ ಅತಿಯಾಗುವ ಅಪಾಯ ಇದೆ. ರಾತ್ರಿ ನಿದ್ದೆ ಬಾರದವರಿಗೆ ಕಡಿಮೆ ಡೋಸಿನ ಅಮಿಟ್ರಿಪ್ಟಿಲಿನ್ ಇನ್ನೊಂದು ದಾರಿ. ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಅಥವಾ ಹೃದಯದ ಬಡಿತದ ತೊಂದರೆ ಇದ್ದರೆ ಅದು ಬೇಡ.

ಟ್ರಮಡಾಲ್, ಮಾರ್ಫಿನ್ ಬಗೆಯವನ್ನು ದೀರ್ಘಕಾಲಕ್ಕೆ ನಾನು ಒಪ್ಪುವುದಿಲ್ಲ. ಚಟ ಒಂದು ಕಾರಣ. ಇಂಥ ಔಷಧಿಗಳೇ ಬೆನ್ನುಹುರಿಯ ಎನ್‌ಎಂಡಿಎ ದಾರಿಯನ್ನು ಚುರುಕುಗೊಳಿಸಿ ನೋವಿನ ಸೂಕ್ಷ್ಮತೆ ಏರಿಸಬಹುದು ಎನ್ನುವುದು ಇನ್ನೊಂದು. ಎನ್‌ಎಂಡಿಎಯನ್ನೇ ನೇರವಾಗಿ ತಡೆಯುವ ಕೆಟಮಿನ್ ಎಂಬ ಅರಿವಳಿಕೆ ಔಷಧಿ ಇದೆ. ಆದರೆ ಭ್ರಮೆ, ಯಕೃತ್ತು ಮತ್ತು ಮೂತ್ರಕೋಶದ ಹಾನಿ ಅದರ ಬೆನ್ನಿಗೇ ಬರುತ್ತವೆ. ಆಸ್ಪತ್ರೆಯಲ್ಲಿ, ಆಯ್ದ ಕೆಲವರಿಗೆ ಮಾತ್ರ ಅದು.

ಮೆಗ್ನೀಸಿಯಂ ಮಾತ್ರೆ ಹೇಳಿದವರು ಆ ಬಿರಡೆಯ ವಿಷಯ ಕೇಳಿರಬೇಕು. ಆದರೆ ಬಿರಡೆ ಹಾರುವುದು ಮೆಗ್ನೀಸಿಯಂ ಕೊರತೆಯಿಂದಲ್ಲ, ಕೋಶದ ವಿದ್ಯುತ್ ಮಟ್ಟ ಏರಿದ್ದರಿಂದ. ನುಂಗಿದ ಮೆಗ್ನೀಸಿಯಂ ಬೆನ್ನುಹುರಿಯ ದ್ರವಕ್ಕೆ ಸೇರುವುದೂ ತೀರಾ ಕಡಿಮೆ. ಮೂತ್ರಪಿಂಡ ಸರಿಯಿದ್ದರೆ ಭೇದಿ ಬಿಟ್ಟು ದೊಡ್ಡ ತೊಂದರೆ ಇಲ್ಲ, ಸರಿಯಿಲ್ಲದಿದ್ದರೆ ಅಪಾಯ.

ಔಷಧಿಯಷ್ಟೇ ಮುಖ್ಯವಾದದ್ದು ಚಲನೆ ಮತ್ತು ನಿದ್ದೆ. ಕಡಿಮೆ ನಿದ್ದೆ ಮಾಡಿದ ಮರುದಿನ ಆರೋಗ್ಯವಂತರಲ್ಲೂ ನೋವಿನ ಸೂಕ್ಷ್ಮತೆ ಏರುತ್ತದೆ. ವ್ಯಾಯಾಮವನ್ನು ನೋವಾಗದಷ್ಟು ಸಣ್ಣದಾಗಿ ಶುರು ಮಾಡಿ. ಒಂದೇ ದಿನ ಜಾಸ್ತಿ ಮಾಡಿ ಮೂರು ದಿನ ಮಲಗುವವರೇ ಹೆಚ್ಚು ಕಷ್ಟಪಡುವುದನ್ನು ನೋಡಿದ್ದೇನೆ. ಹತ್ತು ನಿಮಿಷ ನಡೆದರೆ ಮರುದಿನ ನೋವು ಏರದಿದ್ದರೆ ಅದೇ ನಿಮ್ಮ ಅಳತೆ. ವಾರ ಬಿಟ್ಟು ಎರಡು ನಿಮಿಷ ಸೇರಿಸಿ. ಕೈಯನ್ನು ಪೂರ್ತಿ ಮುಚ್ಚಿಟ್ಟುಕೊಳ್ಳಬೇಡಿ. ಮೆತ್ತನೆ ಬಟ್ಟೆಯಿಂದ ನೋಯದ ಅಂಚಿನಿಂದ ಶುರುಮಾಡಿ, ದಿನಕ್ಕೆ ಕೆಲವು ಸಲ, ಒಂದೆರಡು ನಿಮಿಷ ಸವರಿ. ನಿಧಾನವಾಗಿ ಒಳಕ್ಕೆ ಬನ್ನಿ.

ಕೊನೆಯ ಪ್ರಶ್ನೆ, ಮೆಥೊಟ್ರೆಕ್ಸೇಟ್. ದಯವಿಟ್ಟು ನೀವಾಗಿ ನಿಲ್ಲಿಸಬೇಡಿ. ಊತ ಇಳಿದು ನಿಂತಿರುವುದರಲ್ಲಿ ಅದರ ಪಾಲು ದೊಡ್ಡದು. ನಿಲ್ಲಿಸಿದರೆ ಉರಿಯೂತ ಮರಳಿ, ಕೀಲು ಸವೆದು, ಬೆನ್ನುಹುರಿಗೆ ಮತ್ತೆ ಅದೇ ಸುದ್ದಿಯ ಸುರಿಮಳೆ ಆಗಬಹುದು. ಇದರ ತಿರುಗುಮುರುಗು ಅಪಾಯವೂ ಇದೆ, ಅದನ್ನು ಹೇಳುವವರು ಕಡಿಮೆ. ಕಾಯಿಲೆಯ ತೀವ್ರತೆ ಅಳೆಯಲು ಸಂಧಿವಾತ ತಜ್ಞರು ಬಳಸುವ ಡಿಎಎಸ್-28 ಎಂಬ ಅಂಕದಲ್ಲಿ, ಊದಿದ ಕೀಲುಗಳ ಜೊತೆ ಒತ್ತಿದರೆ ನೋಯುವ ಕೀಲುಗಳ ಲೆಕ್ಕವೂ, ನೀವೇ ಹೇಳುವ ಆರೋಗ್ಯದ ಅಂಕವೂ ಸೇರುತ್ತವೆ. ಉರಿಯೂತ ಇಲ್ಲದೆ ಬರೀ ನೋವಿನ ಸೂಕ್ಷ್ಮತೆಯಿಂದಲೇ ಆ ಅಂಕ ಏರಿ, ಬೇಡದ ಕಡೆ ಇನ್ನೂ ಬಲವಾದ, ಸೋಂಕಿನ ಅಪಾಯ ಇರುವ ಔಷಧಿ ಸೇರಬಹುದು. ಹಾಗಾಗಿ ಮುಂದಿನ ಭೇಟಿಯಲ್ಲಿ "ತುಂಬಾ ನೋವು" ಎಂದಷ್ಟೇ ಹೇಳಿ ಬರಬೇಡಿ. ಊತ ಇಲ್ಲದ ಜಾಗದಲ್ಲೂ ನೋವಿದೆ, ಹೊದಿಕೆ ತಾಗಿದರೆ ಉರಿಯುತ್ತದೆ, ಡೈಕ್ಲೋಫೆನಾಕ್‌ಗೆ ಬಗ್ಗುತ್ತಿಲ್ಲ, ಈ ಮೂರನ್ನೂ ಬಿಡಿಬಿಡಿಯಾಗಿ ಹೇಳಿ. ಕೀಲಿನ ಅಲ್ಟ್ರಾಸೌಂಡ್ ಒಮ್ಮೆ ಮಾಡಿ ನೋಡಬಹುದಾ ಎಂದು ಕೇಳಿ.